ಒಂದೇ ಏಟಿಗೆ ಒಡೆದ ಭಂಡಾರ

ಭೀಮನ ಅಮಾವಾಸ್ಯೆಗೆ ಒಳಗೆ ನಾಣ್ಯ ಇಟ್ಟು ಮಾಡುವ ಹಿಟ್ಟಿನ ಕಡುಬು, ಅದೇ ಭಂಡಾರ, ಅದನ್ನು ಟೊಳ್ಳು ಮಾಡುತ್ತೇನೆ ಅಂದಾಗ ನಮ್ಮತ್ತೆ ನಕ್ಕರು. "ಭಂಡಾರ ಅಂದ್ರೆ ತುಂಬಿರಬೇಕು ಕಣೇ, ಟೊಳ್ಳು ಮಾಡ್ತಾರೇನೇ ಯಾರಾದ್ರೂ?" ಅಂದರು. ನಮ್ಮನೆಯವರೂ ನಕ್ಕರು. ನನ್ನ ತಮ್ಮ ಮಾತ್ರ ನಗಲಿಲ್ಲ. ಭಂಡಾರವನ್ನು ಹೊಸಿಲ ಮೇಲಿಟ್ಟು ಮೊಣಕೈಯಲ್ಲಿ ಗುದ್ದಿ ಒಡೆಯುವುದು ಅಣ್ಣತಮ್ಮಂದಿರ ಕೆಲಸ. ಅವನ ಮೊಣಕೈ ಅಷ್ಟು ಹೊತ್ತಿಗೆ ನನ್ನ ಅಡುಗೆಯಿಂದ ಸಾಕಷ್ಟು ಅನುಭವಿಸಿತ್ತು.

ನನ್ನ ಮದುವೆ ಆಗಿದ್ದು 2017ರಲ್ಲಿ. ಆ ವರ್ಷ ಅಮಾವಾಸ್ಯೆ ಜುಲೈ 23, ಭಾನುವಾರ ಬಿದ್ದಿತ್ತು. ಹೊಸ ಮದುಮಗಳು, ಆಷಾಢ. ಹಾಗಾಗಿ ನಾನು ಅರಸೀಕೆರೆಯ ತವರಿನಲ್ಲಿ, ಅವರು ಬೆಂಗಳೂರಿನಲ್ಲಿ. ನಡುವೆ ಎರಡು ಸಲ ತಿಪಟೂರಿನಲ್ಲಿ ಕದ್ದು ಭೇಟಿಯಾಗಿ ಮಸಾಲೆ ದೋಸೆ ತಿಂದಿದ್ದೆವು. ಎರಡೂ ಮನೆಯವರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ, ಇರಲಿ. ಎಲ್ಲರೂ ಭೀಮನ ಅಮಾವಾಸ್ಯೆಯನ್ನು ಗಂಡನ ಪೂಜೆ ಅಂತಾರೆ. ನನಗೆ ಮಾತ್ರ ಇದು ಆಷಾಢ ಮುಗಿಯುವ ದಿನ. ಅಳಿಯ ಬಾಗಿಲಿಗೆ ಬರುವ ದಿನ.

ಅವತ್ತು ಅಮ್ಮ, ಶಿವ ಪಾರ್ವತಿ ಅಂತ ಪೂಜಿಸುವ ಜೋಡಿ ದೀಪದ ಕಂಬ ನೋಡಿಕೊಂಡರು, ನನಗೆ ಬಿಟ್ಟಿದ್ದು ಭಂಡಾರ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಒಳಗೆ ಒಂಬತ್ತು ಒಂದು ರೂಪಾಯಿ ನಾಣ್ಯ ಇಟ್ಟು, ಹಿಂದಿನ ರಾತ್ರಿಯೇ ಬೇಯಿಸಿಟ್ಟೆ. ಬೆಳಗ್ಗೆ ಅದು ಗುಂಡುಕಲ್ಲು. ಹೊಸಿಲ ಮೇಲೆ ತಮ್ಮ ಐದಾರು ಸಲ ಗುದ್ದಿದ. ಕೊನೆಗೆ ಅಪ್ಪ ಕುಟ್ಟಾಣಿ ಕೊಟ್ಟರು. ಒಂಬತ್ತು ರೂಪಾಯಿಗೆ ಅವನು ಎರಡು ದಿನ ಕೈಗೆ ಮುಲಾಮು ಹಚ್ಚಿಕೊಂಡ. ಮೇಲಿಂದ ನನಗೆ ಐನೂರು ರೂಪಾಯಿ ಉಡುಗೊರೆ ಬೇರೆ ಕೊಟ್ಟಿದ್ದ.

2018ರಲ್ಲಿ ಅಕ್ಕಿ ಹಿಟ್ಟು ಉಕ್ಕರಿಸಿ ಮೆತ್ತಗೆ ಮಾಡಿದೆ. ಮೊಣಕೈ ಮುದ್ದೆಗೆ ಬಿದ್ದ ಹಾಗೆ ಒಳಗೆ ಹೋಯಿತು. ಒಡೆಯಲಿಲ್ಲ, ಅಂಟಿಕೊಂಡಿತು. 2019ರಲ್ಲಿ ಕರಿಯೋಣ ಅಂತ ಹೊರಟೆ. ನಾಣ್ಯದ ಅಂಚು ಹಿಟ್ಟನ್ನು ಒಳಗಿನಿಂದ ಕೊಯ್ದು, ಬಾಣಲೆಯಲ್ಲಿ ಪಟ್ ಅಂತ ಸಿಡಿಯಿತು. ಬಲಗೈ ಮಣಿಕಟ್ಟಿನ ಮೇಲೆ ಕಲೆ ಈಗಲೂ ಇದೆ. ನಾಣ್ಯ ಇಟ್ಟ ಕಡುಬನ್ನು ಎಣ್ಣೆಗೆ ಬಿಡುವವರು ದಯವಿಟ್ಟು ಬಿಡಬೇಡಿ. ನಮ್ಮತ್ತೆಗೆ ಇದು ಗೊತ್ತಾಗಿ ಇನ್ನೊಂದು ಬೈಗುಳ. ಅವರ ಮನೆಯಲ್ಲಿ ಅವತ್ತು ಬಾಣಲೆ ಇಡುವ ಹಾಗೇ ಇಲ್ಲವಂತೆ.

2020, ಜುಲೈ 20, ಸೋಮವಾರ. ಬೆಂಗಳೂರಿಗೆ ಆ ವಾರ ಮತ್ತೆ ಲಾಕ್‌ಡೌನ್. ತಮ್ಮ ಬರುವ ಹಾಗಿಲ್ಲ. ಮೇಲಿನ ಮನೆಯ ಆರು ವರ್ಷದ ಹುಡುಗನನ್ನು ಮಾಸ್ಕ್ ಹಾಕಿಸಿ ಕರೆದೆವು. ತಮ್ಮ ವಿಡಿಯೋ ಕಾಲ್‌ನಲ್ಲಿ ಅಲ್ಲಿ ಮೇಜಿಗೆ ಗುದ್ದುವುದು, ಇಲ್ಲಿ ಹುಡುಗ ಭಂಡಾರಕ್ಕೆ ಗುದ್ದುವುದು ಅಂತ ಮಾತಾಯಿತು. ತಮ್ಮನ ಮೇಜಿನ ಮೇಲಿದ್ದ ಕಾಫಿ ಚೆಲ್ಲಿತು. ಇಲ್ಲಿ ಭಂಡಾರ ಅಲುಗಲೂ ಇಲ್ಲ. ಪಾಪ, ಹುಡುಗ ಅಳುವುದಕ್ಕೇ ಶುರುಮಾಡಿದ. ಚಾಕುವಿನಲ್ಲಿ ಕೊಯ್ದು ದುಡ್ಡು ಕೊಟ್ಟು ಕಳಿಸಿದೆ.

ಅವತ್ತು ರಾತ್ರಿ ಈ ವ್ರತದ ಕಥೆ ನೆನಪಿಗೆ ಬಂತು. ಸತ್ತ ರಾಜಕುಮಾರನನ್ನು ಮದುವೆಯಾದ ಹುಡುಗಿ ನದಿ ದಂಡೆಯಲ್ಲಿ ಕೂತು ಮಣ್ಣಿನಲ್ಲೇ ದೀಪ, ಮಣ್ಣಿನಲ್ಲೇ ಕಡುಬು ಮಾಡುತ್ತಾಳೆ. ಭಂಡಾರ ಒಡೆಯಲು ಅಣ್ಣತಮ್ಮಂದಿರು ಹತ್ತಿರ ಇಲ್ಲ. ಶಿವನೇ ಬಂದು ಒಡೆಯುತ್ತಾನೆ. ಮಣ್ಣು ಅಂದ ತಕ್ಷಣ ನನಗೆ ಹೊಳೆದಿದ್ದು ಜಾತ್ರೆಯಲ್ಲಿ ಸಿಗುವ ಮಣ್ಣಿನ ಹುಂಡಿ. ಅದು ಯಾಕೆ ಒಂದೇ ಏಟಿಗೆ ಒಡೆಯುತ್ತೆ? ಒಳಗೆ ಟೊಳ್ಳು, ಅದಕ್ಕೇ.

2021ರಲ್ಲಿ ಮಾಡಿಯೇಬಿಟ್ಟೆ. ಎರಡು ಲೋಟ ಗೋಧಿ ಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಮೂರೋ ನಾಲ್ಕೋ ಚಮಚ ಕಾಯಿಸಿದ ತುಪ್ಪ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಲಟ್ಟಿಸಿ, ತುಪ್ಪ ಸವರಿದ ಸ್ಟೀಲ್ ಬಟ್ಟಲಿನ ಬೆನ್ನಿಗೆ ಹೊದಿಸಿ, ಹಳೇ ಕುಕ್ಕರ್‌ನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು ಸಣ್ಣ ಉರಿಯಲ್ಲಿ ಇಟ್ಟೆ. ಮುಕ್ಕಾಲು ಗಂಟೆ ಬೇಕಾಯಿತು ಅಂತ ನೆನಪು. ಎರಡು ಚಿಪ್ಪು. ಒಳಗೆ ಕೊಬ್ಬರಿ, ಹುರಿಗಡಲೆ, ಸಕ್ಕರೆ, ಮೇಲೆ ವೀಳ್ಯದೆಲೆಯಲ್ಲಿ ಸುತ್ತಿದ ನಾಣ್ಯ. ಬಾಯಿಗೆ ಬಾಯಿ ಸೇರಿಸಿ ಅಂಟಿಸುವುದು. ನಾಣ್ಯ ಬೆಂಕಿಯ ಹತ್ತಿರವೇ ಹೋಗುವುದಿಲ್ಲ, ಅದೇ ದೊಡ್ಡ ಲಾಭ. ಅತ್ತೆ ಎರಡು ನಿಮಿಷ ಯೋಚಿಸಿ, "ಕುಕ್ಕರ್ ಬಾಣಲೆ ಅಲ್ಲ ಬಿಡು" ಅಂತ ತೀರ್ಪು ಕೊಟ್ಟರು.

ಒಡೆಯಿತು! ಟಪ್ ಅಂತ ಸದ್ದು ಬೇರೆ. ಆದರೆ ಆ ವರ್ಷದ್ದು ಅದೃಷ್ಟ ಅಂತ ಈಗ ಅನ್ನಿಸುತ್ತದೆ. ಯಾಕೆಂದರೆ 2022ರಲ್ಲಿ ಅದನ್ನೇ ನಂಬಿ ನಾಲ್ಕು ಸಾವಿರದ ಚಿಲ್ಲರೆ ಕೊಟ್ಟು ಸಣ್ಣ ಓವನ್ ತಂದೆ. ಗೆಳತಿಯರಿಗೂ ಆರು ಭಂಡಾರ ಒಪ್ಪಿಕೊಂಡೆ. ಅಂಟಿಗೆ ಬೆಲ್ಲದ ಪಾಕ ಹಾಕಿದ್ದೆ. ಜುಲೈ ತಿಂಗಳ ಜಿಟಿಜಿಟಿ ಮಳೆ. ಬೆಲ್ಲ ತೇವ ಎಳೆದುಕೊಂಡು ಸಡಿಲವಾಯಿತು. ವಿಜಯನಗರಕ್ಕೆ ಸ್ಕೂಟರ್‌ನಲ್ಲಿ ಒಯ್ದ ಮೂರರಲ್ಲಿ ಎರಡು ದಾರಿಯಲ್ಲೇ ಬಾಯಿ ಬಿಟ್ಟವು. ಡಿಕ್ಕಿ ತುಂಬ ಹುರಿಗಡಲೆ. ಆರು ಜನಕ್ಕೂ ದುಡ್ಡು ವಾಪಸ್ ಕೊಟ್ಟೆ. ಓವನ್‌ಗೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ. ನಮ್ಮನೆಯವರು ಏನೂ ಅನ್ನಲಿಲ್ಲ. ಆದರೆ ಆ ಓವನ್ ಮೇಲೆ ದಿನಾ ಪೇಪರ್ ಇಡುತ್ತಿದ್ದರು.

2023ರಿಂದ ಸಕ್ಕರೆ. ಅದೂ ಎಳೆ ಪಾಕ ಅಲ್ಲ. ನೀರಿಗೆ ಹಾಕಿದರೆ ಟಣ್ ಅನ್ನುವಷ್ಟು ಗಟ್ಟಿ ಪಾಕ. ಕೈ ಬೇಗ ಓಡಬೇಕು, ಅರ್ಧ ನಿಮಿಷ ತಡವಾದರೆ ಪಾಕ ಕಲ್ಲಾಗುತ್ತದೆ. ಪಾಕಕ್ಕೆ ಇನ್ನೊಂದು ವಸ್ತು ಚಿಟಿಕೆ ಬೀಳುತ್ತದೆ. ಚಿಪ್ಪು ಬೇಯುವ ಮುಂಚೆ ಒಳಮೈಗೆ ಒಂದು ಕೆಲಸ ಮಾಡುತ್ತೇನೆ, ಅದರಿಂದ ಏಟು ಎಲ್ಲಿ ಬಿದ್ದರೂ ಬಿರುಕು ನೇರವಾಗಿ ಓಡುತ್ತದೆ. ಇವೆರಡು ನನ್ನ ಹತ್ತಿರವೇ ಇರಲಿ. ಆರು ವರ್ಷ ಬೈಸಿಕೊಂಡಿದ್ದೇನೆ, ಅಲ್ವಾ?

ಓವನ್ ಇದೆಯಲ್ಲ ಅಂತ ತಂಬಿಟ್ಟಿನ ದೀಪವನ್ನೂ ಒಂದು ವರ್ಷ ಅದರೊಳಗಿಟ್ಟೆ. ಬಿರುಕು ಬಿಡದೆ ನಿಲ್ಲಲಿ ಅಂತ ಆಸೆ. ಬೆಲ್ಲ ಕರಗಿ ಕಂಬ ಎರಡೂ ಒಂದರ ಮೇಲೊಂದು ಒರಗಿದವು. ಶಿವ ಪಾರ್ವತಿ ಅಪ್ಪಿಕೊಂಡಿದ್ದಾರೆ ಬಿಡು ಅಂತ ನಮ್ಮನೆಯವರು ಸಮಾಧಾನ ಹೇಳಿದರು. ಕೊನೆಗೆ ಹಳೇ ದಾರಿಯೇ ಗತಿ. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಬೀಸಿ, ಬೆಲ್ಲವನ್ನು ಪುಡಿಯಾಗಿಯೇ ಸೇರಿಸಿ ನಾದುವುದು. ಬತ್ತಿಯ ಗುಳಿ ಆಳವಾಗಿರಬೇಕು, ಇಲ್ಲದಿದ್ದರೆ ತುಪ್ಪ ಹೊರಗೆ ಹರಿಯುತ್ತದೆ. ಅರಿಶಿನ ದಾರಕ್ಕೆ ಒಂಬತ್ತು ಗಂಟು ಹಾಕುವ ಕೆಲಸ ಮಾತ್ರ ಅವರದ್ದು. ಪೂಜೆ ಮಾಡಿಸಿಕೊಳ್ಳುವವರಿಗೂ ಕೆಲಸ ಬೇಡವೇ? ಹುಣಸೆಹಣ್ಣಿನಲ್ಲಿ ನಾಣ್ಯ ಉಜ್ಜುವುದೂ ಅವರೇ, ಗೊಣಗುತ್ತಾ.

ದುಡ್ಡಿನ ವಿಷಯ. 2024ರಲ್ಲಿ ಆಗಸ್ಟ್ 4, ಭಾನುವಾರವಾದ್ದರಿಂದ ಬೇಡಿಕೆ ಜಾಸ್ತಿ ಇತ್ತು. ಹದಿನಾಲ್ಕು ಮಾಡಿದೆ. ಒಂದಕ್ಕೆ 120 ರೂಪಾಯಿ, ನಾಣ್ಯ ಅವರವರದ್ದು. ಸಾಮಾನು, ಡಬ್ಬ, ಕರೆಂಟು ಸೇರಿ ಒಂದಕ್ಕೆ ಅರವತ್ತರ ಹತ್ತಿರ ಬಿತ್ತು. ಎಂಟುನೂರು ಉಳಿಯಿತು ಅಂತಿಟ್ಟುಕೊಳ್ಳಿ. ಎರಡು ರಾತ್ರಿ ನಿದ್ದೆಗೆಟ್ಟ ಕೂಲಿ ಹಾಕಿದರೆ ನಷ್ಟವೇ. ಓವನ್ನಿನ ದುಡ್ಡಂತೂ ಇನ್ನೂ ಬಂದಿಲ್ಲ. ಆದರೆ ಹದಿನಾಲ್ಕೂ ಒಡೆದವು, ಒಂದೇ ಏಟಿಗೆ. ಬಸವೇಶ್ವರನಗರದಲ್ಲಿ ತಮ್ಮಂದಿರಿಲ್ಲದ ಒಬ್ಬರ ಮನೆಯಲ್ಲಿ ಮೂರು ವರ್ಷದ ಮಗು ಒಡೆಯಿತಂತೆ. ಆ ವಿಡಿಯೋ ಅತ್ತೆಯೇ ನೆಂಟರಿಗೆಲ್ಲ ಕಳಿಸಿದರು, "ನಮ್ಮ ಸೊಸೆ ಮಾಡಿದ್ದು" ಅಂತ.

2025, ಜುಲೈ 24, ಗುರುವಾರ ನನ್ನ ಒಂಬತ್ತನೇ ವರ್ಷ, ವ್ರತ ಮುಗಿಸುವ ಉದ್ಯಾಪನೆ. ಆ ಸಲ ಯಾರ ಆರ್ಡರೂ ತೆಗೆದುಕೊಳ್ಳಲಿಲ್ಲ. ಅವರು ಆಫೀಸಿಗೆ ರಜೆ ಹಾಕಿದ್ದರು. ಪಾದಪೂಜೆ ಮುಗಿದ ಮೇಲೆ ಎದ್ದು ಒಳಗೆ ಹೋಗಿ ಒಂದು ಪೊಟ್ಟಣ ತಂದರು. ತಿಪಟೂರಿನ ಅದೇ ಹೋಟೆಲಿನ ದೋಸೆ ಇರಬಹುದೇ ಅಂತ ನನಗೆ ಒಂದು ಕ್ಷಣ ಹುಚ್ಚು ಆಸೆ. ಮಲ್ಲಿಗೆ ಮತ್ತು ಒಂದು ಜೊತೆ ಓವನ್ ಗ್ಲೌಸ್. ಮಣಿಕಟ್ಟು ಮುಚ್ಚುವಷ್ಟು ಉದ್ದದ್ದು.

ತಮ್ಮ ಅರಸೀಕೆರೆಯಿಂದ ಬೆಳಗಿನ ರೈಲಿಗೇ ಬಂದಿದ್ದ. ಅಭ್ಯಾಸಬಲದಿಂದ ಮೊಣಕೈಗೆ ಟವೆಲ್ ಸುತ್ತಿಕೊಂಡ. "ಬಿಚ್ಚೋ" ಅಂದೆ. "ಅಕ್ಕಾ, ಗ್ಯಾರಂಟೀನಾ?" ಅಂದ. ಹೊಸಿಲ ಮೇಲೆ ಒಂದೇ ಏಟು. ಹತ್ತರ ನಾಣ್ಯ ಒಂಬತ್ತು ಇಟ್ಟಿದ್ದೆ, ಉರುಳಿಕೊಂಡು ಚಪ್ಪಲಿ ಸ್ಟ್ಯಾಂಡ್ ಕಡೆ ಓಡಿದವು. ಎಂಟು ಸಿಕ್ಕವು. ಇನ್ನೊಂದನ್ನು ತಮ್ಮ ಇವತ್ತಿಗೂ ಫೋನಿನಲ್ಲಿ ಕೇಳುತ್ತಾನೆ.