ಕಾರಲ್ಲಿ ಕಾಶಿಗೆ ಹೊರಟವರಿಗೆ

ಬೆಂಗಳೂರಿನಿಂದ ಕಾಶಿಗೆ ಸುಮಾರು 1,750 ಕಿ.ಮೀ. ಜೊತೆಯಲ್ಲಿ ವಯಸ್ಸಾದವರಿದ್ದರೆ ದಾರಿಯಲ್ಲಿ ಎರಡು ರಾತ್ರಿಯಾದರೂ ತಂಗಿ. ಮೊದಲ ದಿನ ಹೈದರಾಬಾದ್ ದಾಟಿಯೇ ಮಲಗಿ, ಬೆಳಗಿನ ಟ್ರಾಫಿಕ್ ತಪ್ಪುತ್ತದೆ. ಎರಡನೇ ರಾತ್ರಿಗೆ ಜಬಲ್‌ಪುರ ಸರಿ. ನಾಗಪುರ ಬಿಟ್ಟ ಮೇಲೆ ಪೆಂಚ್ ಕಾಡು ಬರುತ್ತದೆ. ಪ್ರಾಣಿಗಳು ಕೆಳಗೆ ದಾಟಲಿ ಅಂತ ಅಲ್ಲಿ ರಸ್ತೆಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಹಗಲಲ್ಲಿ ಹೋಗಿ, ನೋಡೋಕೆ ಚೆಂದ.

ಎಲ್ಲಕ್ಕಿಂತ ಮುಖ್ಯ ಟೈರ್. ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿಸಿ. ಗಾಡಿ ಓಡಿದ ಮೇಲೆ ಬಿಸಿಗೆ ಒತ್ತಡ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸಬೇಡಿ. ಗಾಳಿ ಕಮ್ಮಿಯಾದ ಟೈರ್ ಇನ್ನೂ ಬಿಸಿಯಾಗಿ ಒಡೆಯಬಹುದು. ಜನ, ಲಗೇಜು ತುಂಬಿದ್ದಾಗ ಎಷ್ಟು ಹಾಕಿಸಬೇಕು ಅನ್ನೋದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲೇ ಇರುತ್ತದೆ. ಸ್ಟೆಪ್ನಿಯನ್ನೂ ಮರೆಯಬೇಡಿ. ನಮ್ಮದು ಆದಿಲಾಬಾದ್ ಹತ್ತಿರ ಪಂಕ್ಚರ್ ಆದಾಗ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ಅಮ್ಮ ಬಿಸಿಲಲ್ಲಿ ಎರಡು ಗಂಟೆ ಕೂರಬೇಕಾಯಿತು, ಈಗಲೂ ಸಂಕಟವಾಗುತ್ತದೆ.

ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ನೀವಿರುವ ಜಾಗ ಅವರಿಗೆ ಬೇಗ ಸಿಗುತ್ತದೆ.