ಮಲೆನಾಡ ಮಳೆಗೆ ಅಪ್ಪನ ಕೀ ವಾಚು

ಬೀರುವಿನಲ್ಲಿ ಮಲಗಿರುವ ಅಪ್ಪನ ಎಚ್‌ಎಂಟಿ ಜನತಾವನ್ನು ದಿನವೂ ಕಟ್ಟಿಕೊಳ್ಳಬಹುದೇ? ಧಾರಾಳವಾಗಿ. ಆದರೆ ಚಿಕ್ಕಮಗಳೂರಿನ ಕಡೆಯವರು ಥಂಡಿಯ ಜೊತೆ ಏಗುವುದನ್ನು ಕಲಿತಿರಬೇಕು.

ಮೊದಲು ರಿಪೇರಿಯವರ ಹತ್ತಿರ ಹೋಗಿ. ವರ್ಷಗಟ್ಟಲೆ ನಿಂತ ವಾಚು ಕೀ ಕೊಟ್ಟ ಕೂಡಲೇ ಟಿಕ್ ಟಿಕ್ ಅಂದೀತು, ಹಿಗ್ಗಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಹಾಗೇ ಓಡಿಸಿದರೆ ಚಕ್ರಗಳ ತುದಿ ಸವೆಯುತ್ತದೆ. ಪೂರ್ತಿ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ಮುಚ್ಚಳ ತೆಗೆದಾಗ ನೀವೂ ಇಣುಕಿ: ಹಿಂದಕ್ಕೂ ಮುಂದಕ್ಕೂ ತೂಗುವ ಬ್ಯಾಲೆನ್ಸ್ ವೀಲ್ ಎಂಬ ಪುಟ್ಟ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತಿರುತ್ತದೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಹಾಗಾಗಿ ಕೆಟ್ಟುಹೋದ ಇನ್ನೊಂದು ಜನತಾ ಸಿಕ್ಕರೆ ಬಿಸಾಡಬೇಡಿ, ಬಿಡಿಭಾಗಕ್ಕೆ ಆಗುತ್ತದೆ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಕೈಯಿಂದ ಬಿಚ್ಚಿಯೇ ಕೊಡಬೇಕು. ಕಟ್ಟಿಕೊಂಡೇ ತಿರುವಿದರೆ ಕೀ ಓರೆಯಾಗಿ ಎಳೆದು ಒಳಗಿನ ಕಡ್ಡಿಗೆ ಪೆಟ್ಟು. ಇಪ್ಪತ್ತು ಮೂವತ್ತು ಸುತ್ತಿಗೆ ಬಿಗಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಇನ್ನು ಮಳೆ. ಒಂದು ಜೂನ್‌ನಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಮಡಿಸುವಾಗ ನೀರು ನನ್ನ ತೋಳಿನೊಳಕ್ಕೆ ಇಳಿಯಿತು. ರಾತ್ರಿ ನೋಡಿದರೆ ಗಾಜಿನ ಒಳಗೆ, ಹನ್ನೆರಡರ ಕೆಳಗೆ, ಸಾಸಿವೆಯಷ್ಟು ಆವಿ. ಯಾರೋ ಹೇಳಿದರೆಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ನಾಲ್ಕು ದಿನಕ್ಕೆ ಆವಿ ಹೋಗಿತ್ತು, ಕೀ ಕಡ್ಡಿಗೆ ಕೆಂಪು ತುಕ್ಕು ಹಿಡಿದಿತ್ತು. ಆವಿ ಕಂಡರೆ ಆ ದಿನವೇ ಬಿಚ್ಚಿಸಿ. ಜೋರು ಮಳೆಯ ದಿನ ವಾಚನ್ನು ಸಣ್ಣ ಡಬ್ಬಿಯಲ್ಲಿಟ್ಟು, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗೆ ಹಾಕಿ. ಆಗಸ್ಟ್ ಮುಗಿಯುವ ತನಕ ಸೆಲ್ ವಾಚು ಕಟ್ಟಿದರೂ ಮರ್ಯಾದೆಗೇನೂ ಕಮ್ಮಿಯಿಲ್ಲ.

ಚರ್ಮದ ಬೆಲ್ಟು ಮಳೆಗಾಲದಲ್ಲಿ ವಾರಕ್ಕೇ ಬೂಸ್ಟು ಹಿಡಿಯುತ್ತದೆ, ನೈಲಾನ್ ವಾಸಿ. ಕೊಳ್ಳುವ ಮುಂಚೆ ಬೆಲ್ಟು ಕೂರುವ ಜಾಗವನ್ನು ಸ್ಕೇಲಿನಲ್ಲಿ ಅಳೆಯಿರಿ.

ರಾತ್ರಿ ಮೊಬೈಲಿನ ಮೇಲೆ ಇಡಬೇಡಿ. ಅದರ ಸ್ಪೀಕರಿನಲ್ಲಿ ಆಯಸ್ಕಾಂತವಿದೆ. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಐದು ಹತ್ತು ನಿಮಿಷ ಮುಂದೆ ಓಡತೊಡಗಿದರೆ ಹೇರ್‌ಸ್ಪ್ರಿಂಗಿನ, ಅಂದರೆ ಬ್ಯಾಲೆನ್ಸ್ ವೀಲನ್ನು ತೂಗಿಸುವ ಕೂದಲೆಳೆಯಂಥ ಸ್ಪ್ರಿಂಗಿನ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಆಯಸ್ಕಾಂತದ ಗುಣ ತೆಗೆಯುವ ಯಂತ್ರ ರಿಪೇರಿಯವರಲ್ಲಿ ಇದ್ದರೆ ಕೆಲವೇ ಸೆಕೆಂಡಿನ ಕೆಲಸ.

ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮನೆಯದು ನಲವತ್ತು ಸೆಕೆಂಡು ಮುಂದೋಡುತ್ತದೆ. ಭಾನುವಾರ ಕೀ ಕೊಡುವಾಗ ಮೊಬೈಲ್ ನೋಡಿ ಸರಿಮಾಡುತ್ತೇನೆ.