ಬೇಸ್ ಗೋಡೆ ದಾಟಬಾರದು

ಟಾಪ್ ಸ್ಪೀಕರಿನ, ಅಂದರೆ ಮೇಲಿನ ಸ್ವರಗಳ ಸದ್ದಿಗೆ ಒಂದು ಗಟ್ಟಿ ಗೋಡೆ ಅಡ್ಡ ಇದ್ದರೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಬೇಸ್, ಅಂದರೆ ಕೆಳಗಿನ ಗುಡುಗುವ ಸದ್ದು, ಹಾಗಲ್ಲ. 50 ಹರ್ಟ್ಜ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಎರಡಾಳೆತ್ತರದ ಕಾಂಪೌಂಡ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೇಲಿಂದ ಬಾಗಿ ಆಚೆ ಇಳಿಯುತ್ತದೆ, ಪಕ್ಕದ ಮನೆಯ ಕಿಟಕಿ ಗಾಜು ನಡುಗಿಸುತ್ತದೆ. 2011ರಿಂದ 2019ರ ಕೊನೆವರೆಗೆ ನಾನು ಸೌದಿಯಲ್ಲಿ ಮದುವೆ ಹಾಲ್‌ಗಳಿಗೆ, ಗುಟ್ಟಿನ ಡಾನ್ಸ್ ಪಾರ್ಟಿಗಳಿಗೆ ಸೌಂಡ್ ಕೆಲಸ ಮಾಡಿದೆ. ಅದರಲ್ಲಿ ಮುಖ್ಯವಾದ ಕೆಲಸ ಯಾವುದು ಅಂತ ಕೇಳಿದರೆ, ಈ ಬೇಸನ್ನು ಗೋಡೆಯೊಳಗೆ ಹಿಡಿದಿಡುವುದು.

ಊರು ಉಡುಪಿ ಕಡೆ. ಮದುವೆ, ಯಕ್ಷಗಾನ, ಚರ್ಚಿನ ಹಬ್ಬ ಅಂತ ಮೈಕ್ ಸೆಟ್ ಹೊತ್ತು ತಿರುಗುತ್ತಿದ್ದವನು ಎಲೆಕ್ಟ್ರಿಷಿಯನ್ ವೀಸಾದಲ್ಲಿ ಜೆದ್ದಾಗೆ ಹೋದೆ. ಕಂಪನಿಯದು ಮದುವೆ ಹಾಲ್‌ಗಳಿಗೆ ಸೌಂಡ್, ಲೈಟ್ ಬಾಡಿಗೆಗೆ ಕೊಡುವ ವ್ಯಾಪಾರ. ಆಗ ದೇಶದಲ್ಲಿ ಸಿನಿಮಾ ಥಿಯೇಟರ್ ಇಲ್ಲ. ಟಿಕೆಟ್ ತೆಗೆದುಕೊಂಡು ಹೋಗಿ ಕುಣಿಯುವ ಜಾಗವಂತೂ ಇಲ್ಲವೇ ಇಲ್ಲ. ಹೋಟೆಲಿನಲ್ಲಿ ಊಟಕ್ಕೆ ಹೋದರೂ ಗಂಡಸರಿಗೆ ಒಂದು ಬಾಗಿಲು, ಕುಟುಂಬಗಳಿಗೆ ಇನ್ನೊಂದು. ರಸ್ತೆಯಲ್ಲಿ ಹಯಾದವರ ಗಾಡಿ ಸುತ್ತುತ್ತಿತ್ತು. ಹಯಾ ಅಂದರೆ ಧರ್ಮ ಕಾಯುವ ಸಮಿತಿ, ಜನ ಕರೆಯುವುದು ಮುತವ್ವಾ ಅಂತ. ಆದರೆ ಹಾಡೇ ಇಲ್ಲದ ಊರು ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಿಡಿ ಸಿಗುತ್ತಿತ್ತು, ಕಾರಿನಲ್ಲಿ ಜೋರು ಹಾಡು ಇರುತ್ತಿತ್ತು. ಮದುವೆಯಲ್ಲಿ ಕುಣಿತ ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಅದೂ ಮುಖ್ಯವಾಗಿ ಹೆಂಗಸರ ಹಾಲ್‌ನಲ್ಲಿ.

ಸೌದಿಯ ಗುಟ್ಟಿನ ಪಾರ್ಟಿಗಳ ಬಗ್ಗೆ ಬರೆಯುವವರೆಲ್ಲ ಮೊದಲು ಬಾಟಲಿ, ಆಮೇಲೆ ರಾಜಕುಮಾರ ಅಂತ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಅಲ್ಲಿನ ಡಾನ್ಸ್ ಮ್ಯೂಸಿಕ್‌ನ ನಿಜವಾದ ಶಾಲೆ ಹೆಂಗಸರ ಮದುವೆ ಹಾಲ್. ರಾತ್ರಿ ಹನ್ನೊಂದರ ಮೇಲೆ ಶುರುವಾಗಿ ಬೆಳಗಿನ ನಮಾಜಿನ ಹೊತ್ತಿನವರೆಗೆ ನಡೆಯುತ್ತದೆ. ಒಳಗೆ ಎಲ್ಲರೂ ಹೆಂಗಸರೇ. ಡಿಜೆ ಹೆಂಗಸು, ದಫ್ ಬಡಿದು ಹಾಡುವ ತಗ್ಗಾಗಾತ್ ಮೇಳದವರು ಹೆಂಗಸರು, ಬಾಗಿಲಲ್ಲಿ ಕ್ಯಾಮೆರಾ ಫೋನ್ ಕಿತ್ತಿಟ್ಟುಕೊಳ್ಳುವವರೂ ಹೆಂಗಸರು. ನಾವು ಗಂಡಸರು ಮಧ್ಯಾಹ್ನವೇ ಹೋಗಿ ಎಲ್ಲ ಜೋಡಿಸಿ, ಸದ್ದು ನೋಡಿ, ಸಂಜೆಗೆ ಹೊರಗೆ ಬರಬೇಕು. ಅಲ್ಲಿಂದ ಮುಂದೆ ಏನೇ ಕೆಟ್ಟರೂ ಒಳಗೆ ಕಾಲಿಡುವಂತಿಲ್ಲ.

ಹಾಗಾಗಿ ಸೆಟ್ ಮಾಡುವ ಕ್ರಮವೇ ಬೇರೆ ಆಯಿತು. ಪ್ರತಿ ಕೇಬಲ್‌ನ ಎರಡು ತುದಿಗೂ ಒಂದೇ ಬಣ್ಣದ ಟೇಪ್. ಕೆಂಪು ಹೋದರೆ ಕೆಂಪು ಬದಲಿಸಿ, ಅಷ್ಟೇ. ಆಂಪ್ಲಿಫೈಯರ್ ರ‍್ಯಾಕನ್ನು ಹಾಲ್‌ನಿಂದ ಹೊರಗೆ, ಹಿಂದಿನ ಕೋಣೆಗೆ ತಂದೆವು. ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ನಮ್ಮ ಕೈಯಲ್ಲೇ ಇರುತ್ತಿತ್ತು, ಡಿಜೆ ಎಷ್ಟೇ ಏರಿಸಿದರೂ ಸ್ಪೀಕರ್ ಸುಡುವುದಿಲ್ಲ. ಗೋಡೆಯ ಈಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಆಚೆಯಿಂದ ಗಲ್ಫ್ ಕಡೆಯ ಖಲೀಜಿ ತಾಳ, ಚಪ್ಪಾಳೆ, ಹೆಂಗಸರು ನಾಲಿಗೆ ಆಡಿಸಿ ಹಾಕುವ ಝಗಾರೀತ್ ಕೂಗು. ಅದು ನಿಧಾನಕ್ಕೆ ಕ್ಲಬ್ಬಿನ ಹೌಸ್ ಬೀಟ್‌ಗೆ ತಿರುಗುವುದು ಗೋಡೆಯಲ್ಲೇ ಗೊತ್ತಾಗುತ್ತಿತ್ತು. ಕೆಲವು ಹುಡುಗಿಯರು ಮಿಕ್ಸ್ ಮಾಡುತ್ತಿದ್ದ ರೀತಿಗೆ ನಾನು ಕೂತಲ್ಲೇ ತಲೆದೂಗುತ್ತಿದ್ದೆ. ಮುಖ ಮಾತ್ರ ಒಬ್ಬರದೂ ನೋಡಿಲ್ಲ. ‘ಎಡಗಡೆ ಸಬ್ ಸತ್ತಿದೆ’ ಅಂತ ಒಳಗಿಂದ ಮೆಸೇಜ್ ಬರುತ್ತಿತ್ತು. ಸಬ್ ಅಂದರೆ ಬೇಸ್ ಮಾತ್ರ ನುಡಿಸುವ ಸ್ಪೀಕರ್. ‘ಹಳದಿ ಟೇಪ್ ಎಳೆದು ಮತ್ತೆ ಹಾಕಿ’ ಅಂತ ನಾನು. ಹೆಬ್ಬೆಟ್ಟಿನ ಗುರುತು ಬಂದರೆ ಸರಿಹೋಯಿತು ಅಂತ ಅರ್ಥ.

ಇಸ್ತರಾಹಾ ಪಾರ್ಟಿಗಳ ಬಾಗಿಲು ತೆರೆದದ್ದೂ ಈ ಮದುವೆಗಳಿಂದಲೇ. ಮದುಮಗಳ ತಮ್ಮನೋ ಅಣ್ಣನೋ ಬಂದು, ‘ಯಾ ಮುಹಂದಿಸ್ (ಓ ಇಂಜಿನಿಯರ್), ಮುಂದಿನ ವಾರ ನಮ್ಮ ಫ್ರೆಂಡ್ಸ್ ಸೇರುತ್ತೇವೆ, ಸಣ್ಣ ಸೆಟ್ ಬೇಕು’ ಅನ್ನುತ್ತಿದ್ದ. ಇಸ್ತರಾಹಾ ಅಂದರೆ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗೋಡೆ ಕಟ್ಟಿದ ಜಾಗ. ಒಳಗೊಂದು ಈಜುಕೊಳ, ಹುಲ್ಲು, ಕೂತು ಹರಟುವ ಮಜ್ಲಿಸ್. ಕುಟುಂಬಗಳು ಕಬಾಬ್ ಸುಡಲು ಹೋಗುವುದೂ ಅಲ್ಲಿಗೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಜೆದ್ದಾದ ಉತ್ತರಕ್ಕೆ ಒಬ್ಹುರ್ ಕಡೆ ಕಡಲ ದಂಡೆಯ ಮನೆಗಳೂ ಇದ್ದವು.

ರಾಜಕುಮಾರರ ಕತೆಯೂ ಸುಳ್ಳಲ್ಲ. 2009ರಲ್ಲಿ ಜೆದ್ದಾದ ಅಮೆರಿಕನ್ ಕಾನ್ಸುಲೇಟ್ ತನ್ನ ಸರ್ಕಾರಕ್ಕೆ ಬರೆದ ಒಂದು ಗುಟ್ಟಿನ ವರದಿ ಮರುವರ್ಷ ವಿಕಿಲೀಕ್ಸ್‌ನಲ್ಲಿ ಹೊರಬಿತ್ತು. ರಾಜಮನೆತನದ ಒಬ್ಬರ ಮನೆಯಲ್ಲಿ ಹ್ಯಾಲೋವೀನ್ ಪಾರ್ಟಿ, 150ಕ್ಕೂ ಜಾಸ್ತಿ ಹುಡುಗ ಹುಡುಗಿಯರು, ಹಯಾದವರು ಆ ಕಡೆ ತಲೆ ಹಾಕಲಿಲ್ಲ ಅಂತೆಲ್ಲ ಅದರಲ್ಲಿತ್ತು. ಅಂಥ ಮನೆಗಳಿಗೆ ನಮ್ಮ ಕಂಪನಿಯ ಸಣ್ಣ ಸೆಟ್ ಯಾಕೆ ಬೇಕು? ನಾನು ಹೋದದ್ದು ಡಾಕ್ಟರ ಮಕ್ಕಳು, ಇಂಜಿನಿಯರಿಂಗ್ ಓದುವವರು, ಬ್ಯಾಂಕಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದವರು ದುಡ್ಡು ಹಾಕಿ ಮಾಡುವ ಪಾರ್ಟಿಗಳಿಗೆ. ಅವರ ಹಿಂದೆ ಯಾರೂ ಇರಲಿಲ್ಲ. ಸಿಕ್ಕಿಬಿದ್ದರೆ ಅವರಿಗೆ ಠಾಣೆ, ಅಪ್ಪನ ಸಹಿ, ಮನೆಯಲ್ಲಿ ರಂಪ. ನನಗಾದರೆ ಜೈಲು, ಆಮೇಲೆ ಬೆರಳಚ್ಚು ತೆಗೆದು ವಿಮಾನ ಹತ್ತಿಸುವುದು. ಒಂದೇ ಅಂಗಳದಲ್ಲಿ ನಿಂತರೂ ನಮ್ಮಿಬ್ಬರ ಅಪಾಯ ಒಂದೇ ಅಲ್ಲ. ಇದನ್ನು ಅವರಲ್ಲಿ ಕೆಲವರು ತಿಳಿದು ನಡೆದುಕೊಳ್ಳುತ್ತಿದ್ದರು, ಕೆಲವರಿಗೆ ತಲೆಗೇ ಹೋಗುತ್ತಿರಲಿಲ್ಲ.

ಅದಕ್ಕೆ ನಾನೂ ನಮ್ಮ ಡ್ರೈವರ್ ಗೆಳೆಯನೂ ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದೆವು. ಅವನು ಉಳ್ಳಾಲದ ಬ್ಯಾರಿ ಹುಡುಗ, ತುಂಬ ಗಟ್ಟಿ ಮನುಷ್ಯ. ಕಂಪನಿಯ ಬಾಡಿಗೆ ಚೀಟಿ ಇಲ್ಲದೆ ಗಾಡಿ ಹೊರಡುವುದಿಲ್ಲ. ಚೀಟಿಯಲ್ಲಿ ‘ಮನೆ ಸಮಾರಂಭ’ ಅಂತಿರಬೇಕು, ಕೆಲಸ ನನ್ನ ಇಕಾಮಾದ (ಅಲ್ಲಿ ಇರಲು ಕೊಡುವ ಪರವಾನಗಿ ಕಾರ್ಡ್) ಕಂಪನಿಯದ್ದೇ ಆಗಿರಬೇಕು. ಸ್ಪೀಕರ್ ಇರುವ ಗಾಡಿಯಲ್ಲಿ ಬೇರೆಯವರ ಒಂದು ಚೀಲವನ್ನೂ ಹಾಕಿಕೊಳ್ಳುವುದಿಲ್ಲ. ಮನೆಯಲ್ಲೇ ಕಾಯಿಸಿದ ಸಿದ್ದೀಕಿ ಎಂಬ ಕಳ್ಳಭಟ್ಟಿ ನೀರಿನ ಬಾಟಲಿಯಲ್ಲೇ ಬರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ‘ನೀರು ಬೇಕಾದ್ರೆ ನಾವೇ ತರ್ತೇವೆ ಮಾರಾಯ’ ಅಂತ ಅವನು ಖಡಾಖಂಡಿತ ಹೇಳಿಬಿಡುತ್ತಿದ್ದ.

ಬರುವವರ ಕ್ರಮ ಅವರೇ ಚೆನ್ನಾಗಿ ಮಾಡಿಕೊಂಡಿದ್ದರು. ಜಾಗದ ಪಿನ್ ಬರುತ್ತಿದ್ದುದು ಕೊನೆ ಗಳಿಗೆಯಲ್ಲಿ, ಮೊದಲು ಬ್ಲ್ಯಾಕ್‌ಬೆರಿಯಲ್ಲಿ, ಆಮೇಲೆ ವಾಟ್ಸಾಪ್‌ನಲ್ಲಿ. ಕಾರುಗಳೆಲ್ಲ ಗೋಡೆಯ ಒಳಗೇ ನಿಲ್ಲಬೇಕು, ಹೊರಗೆ ಸಾಲು ಕಂಡರೆ ಕತೆ ಮುಗಿಯಿತು. ಹುಡುಗಿ ಬರುವ ಕಾರಿನಲ್ಲಿ ಅಣ್ಣನೋ ತಮ್ಮನೋ ಇದ್ದೇ ಇರುತ್ತಿದ್ದ. 2013ರ ಜೂನ್‌ನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಯಿತು. ಅದರೊಂದಿಗೆ ಪಾರ್ಟಿಯೂ ಬುಧವಾರ ರಾತ್ರಿಯಿಂದ ಗುರುವಾರ ರಾತ್ರಿಗೆ ಹೋಯಿತು.

ಈಗ ಕೆಲಸದ ವಿಷಯ. ಮೊದಲು ಕರೆಂಟ್. ಆ ಹಳೇ ಕಟ್ಟಡಗಳಲ್ಲಿ ಗೋಡೆಯ ಪ್ಲಗ್ ಪಾಯಿಂಟ್ 127 ವೋಲ್ಟ್, ಎಸಿಯದು 220, ಎರಡೂ 60 ಹರ್ಟ್ಜ್. ನಮ್ಮ ಕಡೆಯ 230 ವೋಲ್ಟ್, 50 ಹರ್ಟ್ಜ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. 127ರಲ್ಲಿ ಅದೇ ವ್ಯಾಟ್‌ಗೆ ಕರೆಂಟ್ ಒಂದೂಮುಕ್ಕಾಲು ಪಟ್ಟು ಬೇಕು. ಬೇಸ್ ಒಮ್ಮೆಲೇ ಬಡಿಯುವ ಹಾಡಿನ ಡ್ರಾಪ್ ಬರುವ ಹೊತ್ತಿಗೇ ಸರಿಯಾಗಿ ಬ್ರೇಕರ್ ಬೀಳುತ್ತದೆ. ಎಸಿಯ ಲೈನಿನಿಂದ 220 ಎಳೆದು ಆಂಪ್‌ಗೆ ಕೊಡುತ್ತಿದ್ದೆ. ಹಾಗೆ ಕೊಡುವ ಮೊದಲು ಪ್ರತಿ ಡಬ್ಬಿಯ ಹಿಂದೆ ಬರೆದದ್ದನ್ನು ಟಾರ್ಚ್ ಹಾಕಿ ಓದಬೇಕು. 127ಕ್ಕೆ ಮಾತ್ರ ಮಾಡಿದ್ದು ಇದ್ದರೆ ಹೊಗೆ ಬರುತ್ತದೆ.

ಆಮೇಲೆ ಜೆದ್ದಾದ ಸೆಕೆ. ಕೆಂಪು ಸಮುದ್ರದ ತೇವ ಮಂಗಳೂರಿನ ಮೇ ತಿಂಗಳನ್ನೂ ಮೀರಿಸುತ್ತದೆ. ಎಸಿ ಗೋಡೌನಿನಿಂದ ತಂದ ಮಿಕ್ಸರನ್ನು ಹೊರಗೆ ತೆಗೆದ ಕೂಡಲೇ ಮೈಯೆಲ್ಲ ನೀರು. ಹಾಗೇ ಸ್ವಿಚ್ ಹಾಕಬಾರದು. ಕೇಸ್ ಮುಚ್ಚಿಟ್ಟೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ತೆರೆಯಬೇಕು.

ಇನ್ನು ಬೇಸ್. ಹುಡುಗರಿಗೆ ಎದೆಗೆ ಗುದ್ದುವ ಬೇಸ್ ಬೇಕು, ಪಕ್ಕದವರಿಗೆ ಕೇಳಬಾರದು. ಮೊದಲ ಕೆಲಸ, ಸಬ್‌ಗಳನ್ನು ಗೋಡೆಯಿಂದ ಬಿಡಿಸುವುದು. ಮೂಲೆಗೆ ಇಟ್ಟರೆ ಬೇಸ್ ಜೋರಾಗುತ್ತದೆ ನಿಜ, ಆದರೆ ಜೋರಾಗಿದ್ದು ಊರಿಗೆಲ್ಲ ಹೋಗುತ್ತದೆ. ಅಂಗಳದ ನಡುವೆ, ಕುಣಿಯುವವರಿಗೆ ಆದಷ್ಟು ಹತ್ತಿರ ಇಡಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಹತ್ತಿರ ಇದ್ದಷ್ಟೂ ಕಡಿಮೆ ಸದ್ದಿನಲ್ಲೇ ಕೆಲಸ ಆಗುತ್ತದೆ. ಎರಡನೆಯದು, ಮೂರು ಸಬ್ ಇದ್ದರೆ ನಡುವಿನದನ್ನು ಹಿಂದಕ್ಕೆ ತಿರುಗಿಸುವುದು. ಅದಕ್ಕೆ ಪೊಲಾರಿಟಿ ಉಲ್ಟಾ, ಅಂದರೆ ಪ್ಲಸ್ ಮೈನಸ್ ಅದಲುಬದಲು, ಜೊತೆಗೆ ಡಬ್ಬಿಯ ಉದ್ದಕ್ಕೆ ತಕ್ಕಂತೆ ಕೆಲವು ಮಿಲಿಸೆಕೆಂಡ್ ತಡವಾಗಿ ನುಡಿಯುವಂತೆ ಡಿಲೇ. ಮುಂದಕ್ಕೆ ಮೂರೂ ಸೇರುತ್ತವೆ, ಹಿಂದಕ್ಕೆ ಒಂದನ್ನೊಂದು ಹೊಡೆದು ಹಾಕುತ್ತವೆ. ಹಿಂದುಗಡೆ ಸುಲಭವಾಗಿ 10 ಡೆಸಿಬಲ್ ಕಡಿಮೆ. ಆ ಹಿಂಭಾಗವನ್ನು ಮನೆಗಳಿರುವ ಕಡೆಗೆ ಮಾಡಬೇಕು, ಮುಂಭಾಗ ಖಾಲಿ ಮರಳಿನ ಕಡೆಗೆ. ಮೂರನೆಯದು ಹುಡುಗರಿಗೆ ಹೇಳದೆ ಮಾಡುತ್ತಿದ್ದೆ: 45 ಹರ್ಟ್ಜ್‌ನ ಕೆಳಗಿನದೆಲ್ಲ ಕತ್ತರಿಸಿ, 80ರ ಹತ್ತಿರ ಸ್ವಲ್ಪ ಏರಿಸುವುದು. ದೂರ ಹೋಗಿ ಗಾಜು ನಡುಗಿಸುವುದು ಆ ಕೆಳಗಿನದ್ದು. ಎದೆಗೆ ತಾಗುವುದು ಮೇಲಿನದ್ದು. ಒಬ್ಬನೂ ಕಂಡುಹಿಡಿದದ್ದು ನೆನಪಿಲ್ಲ.

ಇಷ್ಟೆಲ್ಲ ಮಾಡಿಯೂ ನಡುರಾತ್ರಿ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಊರ ಹೊರಗೆ ರಾತ್ರಿ ನೆಲ ಬೇಗ ತಣಿಯುತ್ತದೆ, ಮೇಲಿನ ಗಾಳಿ ಬೆಚ್ಚಗೇ ಇರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿದು ದೂರದ ಮನೆ ಮುಟ್ಟುತ್ತದೆ. ಹತ್ತು ಗಂಟೆಗೆ ಸರಿ ಇದ್ದ ಸದ್ದು ಎರಡು ಗಂಟೆಗೆ ಜಾಸ್ತಿ. ಯಾವ ಮೀಟರಿಗಿಂತಲೂ ನನಗೆ ನಂಬಿಕೆ ಇದ್ದದ್ದು ಆ ಉಳ್ಳಾಲದವನ ಕಿವಿಯ ಮೇಲೆ. ಅವನು ಆಚೆ ರಸ್ತೆಯ ಕೊನೆಯಲ್ಲಿ ವ್ಯಾನ್ ನಿಲ್ಲಿಸಿ, ಗಾಜು ಇಳಿಸಿ ಕೂತು ಫೋನ್ ಮಾಡುತ್ತಿದ್ದ. ‘ಕುಟ್ಟುವುದು ಕೇಳ್ತಾ ಉಂಟು. ಹಾಡು ಎಂತದ್ದು ಅಂತ ಗೊತ್ತಾಗುವುದಿಲ್ಲ.’

‘ಕುಟ್ಟುವುದೂ ಕೇಳಬಾರದು ಮಾರಾಯ. ಈಗ?’

‘ಈಗ ಎಸಿ ಸದ್ದೇ ಜೋರು. ಹಾಗೇ ಬಿಡು.’

ಅಲ್ಲಿಗೆ ಲಿಮಿಟರ್‌ಗೆ ಬೀಗ. ಆಮೇಲೆ ಡಿಜೆ ಕೈಮುಗಿದು ಕೇಳಿದರೂ ಏರಿಸುತ್ತಿರಲಿಲ್ಲ.

ಹೊರಗಿನವರು ನಂಬದ ಇನ್ನೊಂದು ವಿಷಯ ಇದೆ. ಅಜಾನ್ ಕೇಳಿದರೆ ಡಿಜೆ ತಾನಾಗಿಯೇ ಫೇಡರ್ ಇಳಿಸಿ ಸದ್ದು ತಗ್ಗಿಸುತ್ತಿದ್ದ. ಯಾರೂ ಹೇಳಬೇಕಾಗಿರಲಿಲ್ಲ. ಕುಣಿಯುತ್ತಿದ್ದವರು ನಿಂತಲ್ಲೇ ನಿಂತು ಮೆಲ್ಲಗೆ ಮಾತಾಡುತ್ತಿದ್ದರು, ಇಬ್ಬರು ಮೂವರು ಮೂಲೆಯಲ್ಲಿ ಚಾಪೆ ಹಾಸಿ ನಮಾಜು ಮುಗಿಸಿ ಬರುತ್ತಿದ್ದರು. ಆಮೇಲೆ ಅದೇ ಹಾಡು ಅಲ್ಲಿಂದಲೇ ಮುಂದಕ್ಕೆ. ಧರ್ಮ ಬಿಟ್ಟವರು ಕುಣಿಯುತ್ತಾರೆ, ಹಿಡಿದವರು ಹಿಡಿಯಲು ಬರುತ್ತಾರೆ ಅಂತ ಸರಳವಾಗಿ ಹೇಳುವವರಿಗೆ ಈ ಹುಡುಗರು ಅರ್ಥವಾಗುವುದಿಲ್ಲ. ರಂಜಾನ್ ತಿಂಗಳಿಡೀ ಒಂದು ಬುಕಿಂಗೂ ಇಲ್ಲ, ಈದ್ ಮುಗಿದ ಮೇಲೆ ನಮಗೆ ಪುರಸೊತ್ತಿಲ್ಲ.

2016ರ ಏಪ್ರಿಲ್‌ನಲ್ಲಿ ಹಯಾದವರ ಬಂಧಿಸುವ ಅಧಿಕಾರ ಹೋಯಿತು. ಮೇ ತಿಂಗಳಲ್ಲಿ ಮನರಂಜನೆಗೆಂದೇ ಸರ್ಕಾರದ ಒಂದು ಪ್ರಾಧಿಕಾರ ಬಂತು. 2017ರಲ್ಲಿ ಜೆದ್ದಾದಲ್ಲಿ, ರಿಯಾದ್‌ನಲ್ಲಿ ಸೌದಿಯ ಹೆಸರಾಂತ ಗಾಯಕ ಮೊಹಮ್ಮದ್ ಅಬ್ದೋ ಬಹಿರಂಗವಾಗಿ ಹಾಡಿದರು. 2018ರಲ್ಲಿ ಸಿನಿಮಾ ಥಿಯೇಟರ್ ತೆರೆಯಿತು, ಹೆಂಗಸರು ಕಾರು ಓಡಿಸಿದರು. 2019ರ ಡಿಸೆಂಬರ್ 19ರಿಂದ 21ರವರೆಗೆ ರಿಯಾದ್‌ನಲ್ಲಿ ಎಂಡಿಎಲ್ ಬೀಸ್ಟ್ ಎಂಬ ಡಾನ್ಸ್ ಮ್ಯೂಸಿಕ್ ಹಬ್ಬ. ಜಗತ್ತಿನ ದೊಡ್ಡ ಡಿಜೆಗಳಾದ ಡೇವಿಡ್ ಗೆಟ್ಟಾ, ಟಿಯೆಸ್ಟೋ ಎಲ್ಲ ಬಂದರು. ನಾನು ಅಲ್ಲಿ ಕೇಬಲ್ ಎಳೆಯುವ ಗುಂಪಿನಲ್ಲಿದ್ದೆ. ಸಬ್‌ಗಳ ಗೋಡೆಯೇ ನಿಂತಿತ್ತು. 30 ಹರ್ಟ್ಜ್‌ವರೆಗೂ ಬಿಡಿ, ಯಾರ ಭಯವೂ ಇಲ್ಲ ಅಂದರು. ನನಗೆ ಕೈ ಬರಲಿಲ್ಲ, ರೂಢಿ ಅಂಥದ್ದು. ಸ್ಟೇಜಿನ ಹಿಂದೆ ಕೊರಳಲ್ಲಿ ಪಾಸ್ ಹಾಕಿಕೊಂಡು ಓಡಾಡುತ್ತಿದ್ದವರಲ್ಲಿ ಕೆಲವು ಮುಖ ಇಸ್ತರಾಹಾದವೇ. ಒಬ್ಬ ದೂರದಿಂದಲೇ ‘ಯಾ ಮುಹಂದಿಸ್!’ ಅಂತ ಕೂಗಿ ಬಂದು ತಬ್ಬಿಕೊಂಡ. ದಂತವೈದ್ಯೆಯಾಗಿದ್ದ ನೂಫ್ ಸುಫ್ಯಾನಿ ಈಗ ಕಾಸ್ಮಿಕ್ಯಾಟ್ ಹೆಸರಿನಲ್ಲಿ ದೊಡ್ಡ ದೊಡ್ಡ ಸ್ಟೇಜ್‌ಗಳಲ್ಲಿ ನುಡಿಸುತ್ತಾರೆ. ಗೋಡೆಯಾಚೆ ನನಗೆ ಹೆಬ್ಬೆಟ್ಟು ಕಳಿಸುತ್ತಿದ್ದವರಲ್ಲೂ ಯಾರಾದರೂ ಹೀಗೆ ಸ್ಟೇಜ್ ಹತ್ತಿರಬಹುದು. ಮುಖವೇ ನೋಡದ ನನಗೆ ಗುರುತು ಸಿಗುವುದು ಹೇಗೆ?

ಇದೆಲ್ಲ ಒಳ್ಳೆಯದೇ ಆಯಿತಾ ಅಂತ ಊರಲ್ಲಿ ಕೇಳುತ್ತಾರೆ. ಕುಣಿಯಲು ಕದ್ದು ಹೋಗಬೇಕಾಗಿಲ್ಲ, ಅದು ಒಳ್ಳೆಯದಲ್ಲದೆ ಇನ್ನೇನು. ಅದೇ ಎಂಡಿಎಲ್ ಬೀಸ್ಟ್‌ನವರ 2021ರ ಹಬ್ಬಕ್ಕೆ ನಾಲ್ಕು ದಿನದಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಬಂದರು ಅಂತ ಸಂಘಟಕರೇ ಹೇಳಿದರು, ನಮಾಜಿನ ಹೊತ್ತಿಗೆ ಅಲ್ಲೂ ಸಂಗೀತ ನಿಂತಿತು. ಆದರೆ ಹೆಂಗಸರಿಗೆ ಕಾರು ಓಡಿಸಲು ಬಿಡಿ ಅಂತ ವರ್ಷಗಟ್ಟಲೆ ಕೇಳಿದ ಲುಜೈನ್ ಅಲ್ ಹಥ್‌ಲೂಲ್ ಅವರನ್ನು ಜೈಲಿಗೆ ಹಾಕಿದ್ದು ಆ ಅನುಮತಿ ಜಾರಿಗೆ ಬರುವ ಮುಂಚಿನ ತಿಂಗಳಲ್ಲೇ, 2018ರ ಮೇನಲ್ಲಿ. ಕೊಟ್ಟಷ್ಟು ತೆಗೆದುಕೊಳ್ಳಿ, ಕೇಳಬೇಡಿ ಅಂತ. ಇಸ್ತರಾಹಾದ ಹುಡುಗರು ಯಾರನ್ನೂ ಕೇಳಿರಲಿಲ್ಲ, ತಾವೇ ಮಾಡಿಕೊಂಡಿದ್ದರು. ನನಗೆ ಆ ಸಣ್ಣ ಅಂಗಳಗಳ ಮೇಲೇ ಮನಸ್ಸು ಜಾಸ್ತಿ.

ಈಗ ನಮ್ಮ ಕಡೆಯ ಹುಡುಗರು ರಿಯಾದ್‌ಗೆ ಸ್ಟೇಜ್ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಕಾಪು ಕಡೆಯ ಒಬ್ಬ ಬಂದು, ‘ಅಣ್ಣ, ಎಂತ ತಕೊಂಡು ಹೋಗ್ಬೇಕು?’ ಅಂತ ಕೇಳಿದ. ಒಳ್ಳೆಯ ಮಲ್ಟಿಮೀಟರ್, ನಾಲ್ಕು ಬಣ್ಣದ ಟೇಪ್, ಕಿವಿಗೆ ಪ್ಲಗ್ ಅಂದೆ. ವೀಸಾದಲ್ಲಿ ಬರೆದ ಕೆಲಸ ಮತ್ತು ಅಲ್ಲಿ ಮಾಡಿಸುವ ಕೆಲಸ ಒಂದೇ ಹೌದಾ ಅಂತ ಕಾಗದ ತರಿಸಿ ನೋಡು ಅಂದೆ. ಏಜೆಂಟ್ ಇನ್ನೂ ಕಾಗದ ಕೊಟ್ಟಿಲ್ಲವಂತೆ. ಕೊಡುವವರೆಗೆ ದುಡ್ಡು ಕಟ್ಟಬೇಡ ಅಂತ ಹೇಳಿ ಕಳಿಸಿದೆ.